ಅಟ್ಟದ ರೈಲು ಮೂಲೆಗೆ ಹೋದರೆ ಸುಸ್ತು, ಕೆಳಗೆ ರೇಡಿಯೋ ಕರಕರ: ಯಾರಾದರೂ ದಾರಿ ಹೇಳಿ

ಅಟ್ಟದ ಗಾಡಿ (ನೀರ್ಚಾಲು)
ನಮಸ್ಕಾರ. ಒಂದು ತಿಂಗಳಿಂದ ಮಂಡೆ ಬಿಸಿ ಆಗಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ನಮ್ಮ ಮನೆಯ ಅಟ್ಟದಲ್ಲಿ ಅಡಿಕೆ ಗೋಣಿ ಇಡುವ ಜಾಗದ ಪಕ್ಕ 12 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಕಿ ಎಚ್‌ಓ ಆಟದ ರೈಲಿನ ಲೇಔಟ್ ಮಾಡಿದ್ದೇನೆ, ಖರೆ ರೈಲಿನ 87ರಲ್ಲಿ ಒಂದು ಪಾಲು. ಎರಡು ಲೂಪ್. ಹೊರಗಿನದು ಡಿಸಿಸಿ (ಹಳಿಯಲ್ಲಿ ಕರೆಂಟಿನ ಜೊತೆ ಡಿಜಿಟಲ್ ಆದೇಶವೂ ಹೋಗುವ ಪದ್ಧತಿ), ಹಳಿಗೆ ಅದನ್ನು ಕೊಡುವುದು 5 ಆಂಪಿಯರ್ ಬೂಸ್ಟರ್. ಅದರಲ್ಲಿ ಸೌಂಡ್ ಡಿಕೋಡರ್ (ಆ ಆದೇಶ ಓದಿ ಮೋಟಾರನ್ನೂ ಸದ್ದನ್ನೂ ನಡೆಸುವ ಚಿಪ್) ಇರುವ ಡೀಸೆಲ್ ಇಂಜಿನ್ ಓಡುತ್ತದೆ. ಒಳಗಿನದು ಹಳೆಯ 12 ವೋಲ್ಟ್ ಡಿಸಿ. ಅದು ದಮಾಮಿನಲ್ಲಿದ್ದ ಮಾವ 1994ರಲ್ಲಿ ರಜೆಗೆ ಬರುವಾಗ ತಂದ ಸೆಟ್. ಟ್ರಾನ್ಸ್‌ಫಾರ್ಮರ್ ಕೂಡ ಅದೇ, ಹಂಚಿನ ತುಂಡಿನಷ್ಟು ಭಾರ.

ತೊಂದರೆ ಒಂದಲ್ಲ. ಹೊರಗಿನ ಇಂಜಿನ್ ಪಡುವಣ ಮೂಲೆಗೆ ಹೋದ ಕೂಡಲೇ ನಿಧಾನ ಆಗುತ್ತದೆ, ಒಮ್ಮೊಮ್ಮೆ ಸೌಂಡ್ ನಿಂತು ಮತ್ತೆ ಮೊದಲಿಂದ ಇಂಜಿನ್ ಸ್ಟಾರ್ಟ್ ಆಗುವ ಸದ್ದು ಬರುತ್ತದೆ. ಎರಡನೇ ಇಂಜಿನ್ ಇಟ್ಟರಂತೂ ಅಲ್ಲಿಗೇ ಮುಗಿಯಿತು. ಒಳಗಿನ ಗಾಡಿ ಓಡಿಸಿದರೆ ಕೆಳಗೆ ಚಾವಡಿಯಲ್ಲಿ ಅಪ್ಪನ ರೇಡಿಯೋ ಕರಕರ ಅನ್ನುತ್ತದೆ. ಸರಿಯಾಗಿ ವಾರ್ತೆಯ ಹೊತ್ತಿಗೇ ನಾನು ಗಾಡಿ ಬಿಡುವುದಂತೆ. ಮತ್ತೆ ಯಾವ ಗಾಡಿ ಓಡಿದರೂ ಗುಂಯ್ ಅಂತ ಒಂದು ಸದ್ದು, ಅಮ್ಮ ಕೇಳುತ್ತಾರೆ, ಮೇಲೆ ಹಿಟ್ಟಿನ ಗಿರಣಿ ಇಟ್ಟಿದ್ದೀಯಾ ಅಂತ.

ಹಳಿ ಒರೆಸಿದೆ. ಚಕ್ರ ಒರೆಸಿದೆ. ಮಲ್ಟಿಮೀಟರ್ ಇಟ್ಟು ನೋಡಿದರೆ ಎಲ್ಲಾ ಕಡೆ 14.7 ವೋಲ್ಟ್ ತೋರಿಸುತ್ತದೆ, ಆ ಮೂಲೆಯಲ್ಲೂ! ಹಾಗಾದರೆ ಡಿಕೋಡರೇ ಹಾಳಾಯ್ತಾ?

ಹೊಸಂಗಡಿ ಹುಡುಗ
ಡಿಕೋಡರ್ ಹೋಗಿದೆ ಅಣ್ಣ. ನನಗೂ ಹಾಗೇ ಆಗಿತ್ತು. ಹೊಸದು ಹಾಕಿ.

ಪೆರ್ಲದ ವಯರಿಂಗ್
ಹುಡುಗಾ, ಕಾಣದೆ ಮದ್ದು ಕೊಡಬೇಡ. ಡಿಕೋಡರ್ ಹೋಗಿದ್ದರೆ ಮೂಡಣ ಮೂಲೆಯಲ್ಲೂ ಹೋಗಬೇಕಿತ್ತಲ್ಲ?

ನೀರ್ಚಾಲಿನವರೇ, ಆ 14.7 ಅನ್ನು ನಂಬಬೇಡಿ. ನೀವು ಅಳೆದದ್ದು ಗಾಡಿ ಇಲ್ಲದಾಗ. ಮೀಟರ್ ಕುಡಿಯುವ ಕರೆಂಟು ಲೆಕ್ಕಕ್ಕೇ ಇಲ್ಲ, ಹಾಗಾಗಿ ದಾರಿಯಲ್ಲಿ ಎಷ್ಟೇ ತುಕ್ಕು ಇರಲಿ, ವೋಲ್ಟೇಜ್ ಪೂರ್ತಿ ಕಾಣುತ್ತದೆ. ಪೈಪಿನ ಬಾಯಿ ಮುಚ್ಚಿದರೆ ಸಣ್ಣ ತೂತಿನಿಂದಲೂ ಪೂರ್ತಿ ಒತ್ತಡ ಬರುತ್ತದಲ್ಲ, ಹಾಗೆ. ನೀರು ಬಿಟ್ಟಾಗಲೇ ಗೊತ್ತಾಗುವುದು ಎಷ್ಟು ಬರುತ್ತದೆ ಅಂತ.

ಬೈಕಿನ ಇಂಡಿಕೇಟರ್ ಬಲ್ಬ್ ಒಂದು ತನ್ನಿ, 12 ವೋಲ್ಟ್ 10 ವಾಟ್. ಎರಡು ವಯರ್ ಬೆಸೆದು ಹಳಿಯ ಮೇಲೆ ಇಡಿ. ಅದು ಮುಕ್ಕಾಲು ಒಂದು ಆಂಪಿಯರ್ ಎಳೆಯುತ್ತದೆ. ಬಲ್ಬ್ ಉರಿಯುವಾಗ ಅಲ್ಲೇ ವೋಲ್ಟೇಜ್ ನೋಡಿ. ಬೂಸ್ಟರ್ ಹತ್ತಿರ ಒಮ್ಮೆ, ಮೂಲೆಯಲ್ಲಿ ಒಮ್ಮೆ. ಬಲ್ಬ್ ಬಿಸಿ ಆಗುತ್ತದೆ, ಪ್ಲಾಸ್ಟಿಕ್ ಸ್ಲೀಪರ್ ಮೇಲೆ ಬಿಟ್ಟು ಹೋಗಬೇಡಿ.

ಮುಳ್ಳೇರಿಯ ಟೀಚರ್
ಪೆರ್ಲದವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಡಿಸಿಸಿ ಹಳಿಯಲ್ಲಿ ಇರುವುದು ಮನೆಯ ಕರೆಂಟಿನಂಥ 50 ಹರ್ಟ್ಸ್ ಎಸಿ ಅಲ್ಲ, ಚೌಕದ ಅಲೆ. ಒಂದು 'ಒಂದು' ಬಿಟ್‌ನ ಅರ್ಧ ಭಾಗ 58 ಮೈಕ್ರೋಸೆಕೆಂಡ್, 'ಸೊನ್ನೆ'ಯ ಅರ್ಧ ಭಾಗ 100 ಅಥವಾ ಅದಕ್ಕಿಂತ ಜಾಸ್ತಿ. ಅಗ್ಗದ ಮೀಟರ್ ಎಸಿ ರೇಂಜಿನಲ್ಲಿ ತೋರಿಸುವ ಅಂಕಿ ಖರೆ ಅಂಕಿ ಅಲ್ಲ. ಆದರೆ ಅದೇ ಮೀಟರ್, ಅದೇ ರೇಂಜ್ ಇಟ್ಟುಕೊಂಡು ಇಲ್ಲಿಗೂ ಅಲ್ಲಿಗೂ ಹೋಲಿಸಿದರೆ ಸಾಕು.

ಮತ್ತೆ ಒಂದು ಪ್ರಶ್ನೆ. ಎರಡು ಲೂಪ್ ನಡುವೆ ಪಾಯಿಂಟ್ ಉಂಟಾ? ಗಾಡಿ ಒಳಗಿಂದ ಹೊರಗೆ ಹೋಗುವ ಹಾಗೆ?

ಅಟ್ಟದ ಗಾಡಿ (ನೀರ್ಚಾಲು)
ಉಂಟು ಟೀಚರ್. ಎರಡೂ ಹಳಿಗೆ ಪ್ಲಾಸ್ಟಿಕ್ ಜಾಯಿನರ್ (ಹಳಿ ಜೋಡಿಸುವ, ಆದರೆ ಕರೆಂಟು ದಾಟಿಸದ ತುಂಡು) ಹಾಕಿದ್ದೇನೆ, ಹಾಗಾಗಿ ತೊಂದರೆ ಇಲ್ಲ ಅಂದುಕೊಂಡಿದ್ದೆ.

ಮುಳ್ಳೇರಿಯ ಟೀಚರ್
ತೊಂದರೆ ಉಂಟು ಮಾರಾಯ್ರೇ! ಗಾಡಿ ನಿಂತಲ್ಲೇ ಇದ್ದರೆ ಪ್ಲಾಸ್ಟಿಕ್ ಜಾಯಿನರ್ ಕಾಯುತ್ತದೆ. ಇಂಜಿನ್ ಅದನ್ನು ದಾಟುವಾಗ ಮುಂದಿನ ಚಕ್ರ ಒಂದು ಕಡೆ, ಹಿಂದಿನ ಚಕ್ರ ಇನ್ನೊಂದು ಕಡೆ. ಇಂಜಿನ್‌ನ ಒಳಗೆ ಆ ಚಕ್ರಗಳು ಒಂದೇ ವಯರಿಗೆ ಸೇರುತ್ತವೆ. ಆ ಕ್ಷಣಕ್ಕೆ ನಿಮ್ಮ ಡಿಸಿ ಟ್ರಾನ್ಸ್‌ಫಾರ್ಮರೂ ಡಿಸಿಸಿ ಬೂಸ್ಟರೂ ನೇರ ಎದುರುಬದುರು. ಬೂಸ್ಟರ್ ಸುಟ್ಟರೆ ಆಶ್ಚರ್ಯ ಇಲ್ಲ. ಇವತ್ತೇ ಆ ಪಾಯಿಂಟ್ ಬಂದ್ ಮಾಡಿಬಿಡಿ. ಇಲ್ಲದಿದ್ದರೆ ಎರಡೂ ಲೂಪನ್ನು ಎರಡು ವಯರನ್ನೂ ಒಟ್ಟಿಗೆ ಬದಲಿಸುವ ಒಂದು ಡಿಪಿಡಿಟಿ ಸ್ವಿಚ್‌ನಿಂದ, ಒಂದೋ ಪೂರ್ತಿ ಡಿಸಿ ಒಂದೋ ಪೂರ್ತಿ ಡಿಸಿಸಿ ಮಾಡಿ.

ಅಟ್ಟದ ಗಾಡಿ (ನೀರ್ಚಾಲು)
ಓದಿದ ಕೂಡಲೇ ಓಡಿ ಹೋಗಿ ಒಂದು ಅಡಿ ಹಳಿಯನ್ನೇ ತೆಗೆದಿಟ್ಟೆ. ಕೈ ನಡುಗಿತು. ಥ್ಯಾಂಕ್ಸ್ ಟೀಚರ್.

ಬಲ್ಬ್ ಇಟ್ಟು ನೋಡಿದೆ. ಬೂಸ್ಟರ್ ಹತ್ತಿರ 14.6. ಮೂಲೆಯಲ್ಲಿ 10.9! ಬಲ್ಬ್ ಕೂಡ ಅಲ್ಲಿ ಕೆಂಪಾಗಿ ಉರಿಯುತ್ತದೆ, ಕಾರ್ತಿಕದ ಹಣತೆ ಹಾಗೆ. ಬಲ್ಬ್ ತೆಗೆದರೆ ಪುನಃ 14.7. ಪೆರ್ಲದ ಅಣ್ಣನಿಗೆ ಒಂದು ಚಾ ಬಾಕಿ.

ಸಿಗ್ನಲ್ ಮಾಮ (ಕಾಸರಗೋಡು)
ನಾನು ರೈಲ್ವೆಯಲ್ಲಿ ಸಿಗ್ನಲ್ ವಿಭಾಗದಲ್ಲಿದ್ದವ, ಪಾಲಕ್ಕಾಡ್ ಡಿವಿಷನ್. ಈಗ ಮೊಮ್ಮಗನ ರೈಲು ನೋಡಿಕೊಳ್ಳುವ ಕೆಲಸ.

ನಿಮ್ಮ ಕಳ್ಳ ಜಾಯಿನರ್‌ನಲ್ಲಿ ಇದ್ದಾನೆ. ದೊಡ್ಡ ರೈಲಿನಲ್ಲಿ ಕೂಡ ಹಳಿಗಳ ನಡುವಿನ ಫಿಶ್‌ಪ್ಲೇಟನ್ನು ಕರೆಂಟಿನ ವಿಷಯದಲ್ಲಿ ನಾವು ನಂಬುತ್ತಿರಲಿಲ್ಲ. ಬೋಲ್ಟ್ ಎಷ್ಟೇ ಬಿಗಿ ಇರಲಿ, ತುಕ್ಕು ಒಳಗೆ ನುಗ್ಗುತ್ತದೆ. ಅದಕ್ಕೇ ಟ್ರ್ಯಾಕ್ ಸರ್ಕ್ಯೂಟ್ (ಹಳಿಯಲ್ಲಿ ಕರೆಂಟು ಬಿಟ್ಟು ಗಾಡಿ ಉಂಟಾ ಅಂತ ತಿಳಿಯುವ ಏರ್ಪಾಡು) ಇರುವಲ್ಲಿ ಜಾಯಿಂಟಿನ ಎರಡೂ ಬದಿಗೆ ಬಾಂಡ್ ವಯರ್ ಹಾಕಿ ಸೇರಿಸುವುದು. ಆ ವಯರ್ ತುಂಡಾಯಿತೋ, ಗಾಡಿ ಇಲ್ಲದಿದ್ದರೂ ಗಾಡಿ ಇದೆ ಅಂತ ಸಿಗ್ನಲ್ ಕೆಂಪು. ಮಳೆಗಾಲದ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದುಕೊಂಡು ಅದನ್ನು ಹುಡುಕಿದ್ದು ನೆನಪು ಉಂಟು. ನಿಮ್ಮ ಜಾಯಿನರ್ ಅಂದರೆ ಫಿಶ್‌ಪ್ಲೇಟೇ, ಬೋಲ್ಟ್ ಕೂಡ ಇಲ್ಲ. ಹಳಿಯನ್ನು ಜೋಡಿಸಿ ಹಿಡಿಯಲಿಕ್ಕೆ ಇರುವ ವಸ್ತು ಅದು, ಕರೆಂಟು ಸಾಗಿಸಲಿಕ್ಕೆ ಅಲ್ಲ.

ಹುಡುಕುವುದು ಹೀಗೆ. ಮೂಲೆಯಲ್ಲಿ ಬಲ್ಬ್ ಉರಿಯುತ್ತಿರಲಿ. ಮೀಟರ್‌ನ ಎರಡು ಕಡ್ಡಿಯನ್ನೂ ಒಂದೇ ಹಳಿಯ ಮೇಲೆ ಇಡಿ, ಜಾಯಿನರ್‌ನ ಈಚೆ ಒಂದು ಆಚೆ ಒಂದು. ಒಳ್ಳೆಯ ಜಾಯಿಂಟ್ ಆದರೆ ಹತ್ತಿಪ್ಪತ್ತು ಮಿಲಿವೋಲ್ಟ್ ಕಾಣಬಹುದು. ಎಲ್ಲಿ ಅಂಕಿ ಹಾರುತ್ತದೋ ಅಲ್ಲೇ ಕೂತಿದ್ದಾನೆ. ಫೀಡರ್, ಅಂದರೆ ಹಳಿಗೆ ಕರೆಂಟು ತರುವ ವಯರ್, ಎಷ್ಟು ಕಡೆ ಕೊಟ್ಟಿದ್ದೀರಿ? ಯಾವ ವಯರ್?

ಅಟ್ಟದ ಗಾಡಿ (ನೀರ್ಚಾಲು)
ಮಾಮ, ಹೇಳಲಿಕ್ಕೆ ನಾಚಿಕೆ. ಫೀಡರ್ ಒಂದೇ ಕಡೆ. ವಯರ್ ಹಳೆಯ ಟೆಲಿಫೋನ್ ವಯರ್, ಬೂಸ್ಟರ್‌ನಿಂದ ಹಳಿಗೆ 4 ಮೀಟರ್. ಮನೆಯಲ್ಲಿ ಸುಮ್ನೆ ಬಿದ್ದಿತ್ತು.

ಪೆರ್ಲದ ವಯರಿಂಗ್
ಅಯ್ಯೋ. ಟೆಲಿಫೋನ್ ವಯರ್ ಅಂದರೆ ಅರ್ಧ ಮಿಲಿಮೀಟರ್ ದಪ್ಪದ ತಾಮ್ರ. ಒಂದು ಮೀಟರಿಗೆ 0.09 ಓಮ್ ಹತ್ತಿರ. ಹೋಗಲಿಕ್ಕೆ ನಾಲ್ಕು, ಬರಲಿಕ್ಕೆ ನಾಲ್ಕು, ಎಂಟು ಮೀಟರ್. ಅಲ್ಲಿಗೆ 0.7 ಓಮ್. ಎರಡು ಇಂಜಿನ್ ಇಟ್ಟು 2 ಆಂಪಿಯರ್ ಎಳೆದರೆ ಹಳಿ ಮುಟ್ಟುವ ಮೊದಲೇ 1.4 ವೋಲ್ಟ್ ಖರ್ಚು. ಅದೇ ಮನೆ ವಯರಿಂಗಿನ 1.5 ಸ್ಕ್ವೇರ್ (ಚದರ ಮಿಲಿಮೀಟರ್) ಹಾಕಿದರೆ ಮೀಟರಿಗೆ 0.012 ಓಮ್, ಎಂಟು ಮೀಟರಿಗೆ 0.1 ಓಮ್ ಕೂಡ ಬರುವುದಿಲ್ಲ. ಯಾವುದಾದರೂ ಮನೆ ವಯರಿಂಗ್ ಮುಗಿದ ಕಡೆ ಕೇಳಿದರೆ ತುಂಡು ವಯರ್ ಪುಕ್ಕಟೆ ಸಿಗುತ್ತದೆ.

ಬೋರ್ಡಿನ ಅಡಿಯಲ್ಲಿ ಸುತ್ತ 1.5 ಸ್ಕ್ವೇರ್ ಕೆಂಪು ಕಪ್ಪು ಎರಡು ವಯರ್ ಎಳೆಯಿರಿ. ಅದಕ್ಕೆ ಬಸ್ ಅನ್ನುವುದು. ಪ್ರತಿ 3 ಅಡಿಗೆ ಒಂದು ಜೊತೆ ಸಣ್ಣ ಫೀಡರ್ ಮೇಲೆ ಬರಲಿ, ಹಳಿಯ ಹೊರಬದಿಗೆ ಬೆಸುಗೆ. ಹಳಿಯನ್ನು ಮೊದಲು ಉಜ್ಜಿ, ಫ್ಲಕ್ಸ್ ಹಚ್ಚಿ, ಐರನ್ ಒಳ್ಳೆಯ ಬಿಸಿ ಇರಲಿ, ಬೇಗ ಮುಗಿಸಿ. ತಣ್ಣಗಿನ ಐರನ್ ಇಟ್ಟುಕೊಂಡು ನಿಧಾನ ಮಾಡಿದರೆ ಬೆಸುಗೆ ಹಿಡಿಯುವ ಮೊದಲು ಸ್ಲೀಪರ್ ಕರಗುತ್ತದೆ.

ಅಟ್ಟದ ಗಾಡಿ (ನೀರ್ಚಾಲು)
ಮಾಮ ಹೇಳಿದ ಹಾಗೆ ಹುಡುಕಿದೆ. ಒಟ್ಟು 14 ಜಾಯಿನರ್. ಹೆಚ್ಚಿನವು ಇಪ್ಪತ್ತು ಮಿಲಿವೋಲ್ಟ್ ಒಳಗೆ. ಒಂದು 0.5 ವೋಲ್ಟ್, ಒಂದು 0.6, ಮತ್ತೆ ಪಡುವಣ ಮೂಲೆಯ ತಿರುವಿಗೆ ಮೊದಲಿನದು 1.9 ವೋಲ್ಟ್! ಕೈಯಲ್ಲಿ ಮುಟ್ಟಿದರೆ ಬೆಚ್ಚಗೆ ಇತ್ತು. ಬಗ್ಗಿ ನೋಡಿದೆ. ಜಾಯಿನರ್ ಒಳಗೆ ಹಸಿರು ಪುಡಿ, ಪಕ್ಕದ ಎರಡು ಸ್ಲೀಪರ್ ಸ್ವಲ್ಪ ಕುಸಿದಿವೆ. ಇದು ಯಾವಾಗ ಆದದ್ದು ಅಂತಲೇ ಗೊತ್ತಿಲ್ಲ.

ಮುಳ್ಳೇರಿಯ ಟೀಚರ್
ಅದು ಯಾವಾಗ ಆದದ್ದು ಅಂತ ನಾನು ಊಹಿಸುತ್ತೇನೆ. ಆ ಮೂಲೆಯಲ್ಲಿ ಯಾವಾಗಲೋ ಗಾಡಿ ಹಳಿ ತಪ್ಪಿ ಶಾರ್ಟ್ ಆಗಿದೆ. ನಿಮ್ಮ ಅಂಕಿ ನೋಡಿದರೆ ಬೂಸ್ಟರ್‌ನಿಂದ ಮೂಲೆಗೆ ನಾಲ್ಕೂವರೆ ಓಮ್ ಹತ್ತಿರ ಉಂಟು. ಅಲ್ಲಿ ಪೂರ್ತಿ ಶಾರ್ಟ್ ಆದರೂ ಹರಿಯುವುದು 3 ಆಂಪಿಯರ್ ಚಿಲ್ಲರೆ. ನಿಮ್ಮ ಬೂಸ್ಟರ್ ಟ್ರಿಪ್ ಆಗುವುದು 5ಕ್ಕೆ. ಅಂದರೆ ಅದಕ್ಕೆ ಅದು ಶಾರ್ಟ್ ಅಂತ ಗೊತ್ತೇ ಆಗುವುದಿಲ್ಲ! ಯಾರೋ ದೊಡ್ಡ ಗಾಡಿ ಓಡಿಸುತ್ತಿದ್ದಾರೆ ಅಂದುಕೊಂಡು ಕೊಡುತ್ತಾ ಕೂರುತ್ತದೆ. ಸುಮಾರು 45 ವಾಟ್ ಬಿಸಿ. ಅದರ ಅರ್ಧ ಆ ಒಂದು ಜಾಯಿನರ್ ಮೇಲೆ ಬಿದ್ದರೂ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಪಕ್ಕದಲ್ಲಿ ಅಡಿಕೆ ಗೋಣಿ ಬೇರೆ ಇಟ್ಟಿದ್ದೀರಿ.

ಹೊಸ ವಯರ್ ಹಾಕಿದ ಮೇಲೆ ನಾಣ್ಯದ ಪರೀಕ್ಷೆ ಮಾಡಲೇಬೇಕು. 5 ರೂಪಾಯಿ ನಾಣ್ಯವನ್ನು ಎರಡು ಹಳಿಗೂ ಅಡ್ಡ ಇಡಿ, ಎಲ್ಲಾ ತುಂಡಿನಲ್ಲೂ, ಪಾಯಿಂಟ್‌ನ ಆಚೆಗೂ. ಇಟ್ಟ ಕೂಡಲೇ ಟಪ್ ಅಂತ ಬೂಸ್ಟರ್ ಬೀಳಬೇಕು. ಬೀಳದ ಜಾಗಕ್ಕೆ ಇನ್ನೊಂದು ಫೀಡರ್.

ಉಪ್ಪಳ ಎನ್‌ಗೇಜ್
ಹಸಿರು ಪುಡಿ ಅಂದರೆ ನನ್ನ ಮನೆಗೆ ಬನ್ನಿ, ಕಿಲೋಗಟ್ಟಲೆ ಕೊಡುತ್ತೇನೆ. ನಮ್ಮದು ಕಡಲಿಗೆ ಕಾಲು ಮೈಲು. ಜೂನ್‌ನಲ್ಲಿ ಕಿಟಕಿ ತೆರೆದರೆ ಸೆಪ್ಟೆಂಬರಿಗೆ ಜಾಯಿನರ್ ಹೋಯಿತು. ನಾನು ಎಲ್ಲಾ ಜಾಯಿನರ್‌ಗೂ ಬೆಸುಗೆ ಹಾಕಿ ಆಮೇಲೆ ಬೇಸಿಗೆಯಲ್ಲಿ ಹಳಿ ಉಬ್ಬಿ ಸೊಟ್ಟಗಾಗಿ ಪಾಠ ಕಲಿತವ. ಅಟ್ಟದಲ್ಲಿ ಹಂಚಿನ ಬಿಸಿಗೆ ಇನ್ನೂ ಜಾಸ್ತಿ. ತಿರುವಿನಲ್ಲಿ ಮಾತ್ರ ಬೆಸೆಯಿರಿ, ನೇರ ಇರುವಲ್ಲಿ ಸಂದು ಬಿಟ್ಟು ಫೀಡರ್ ಕೊಡಿ.

ಇನ್ನೊಂದು. ಆ ಮೂಲೆಯಲ್ಲಿ ಇಂಜಿನ್ ಯಾವತ್ತಾದರೂ ಒಮ್ಮೆಗೆ ಹುಚ್ಚು ಹಿಡಿದ ಹಾಗೆ ಫುಲ್ ಸ್ಪೀಡಿನಲ್ಲಿ ಓಡಿದ್ದು ಉಂಟಾ?

ಅಟ್ಟದ ಗಾಡಿ (ನೀರ್ಚಾಲು)
ಉಂಟು! ಎರಡು ಸಲ. ಕಂಟ್ರೋಲರ್ ಸೊನ್ನೆಯಲ್ಲಿತ್ತು. ನಾನು ಯಾರಿಗೂ ಹೇಳಲಿಲ್ಲ, ಭೂತ ಅನ್ನುತ್ತಾರೆ ಅಂತ.

ಉಪ್ಪಳ ಎನ್‌ಗೇಜ್
ಭೂತ ಅಲ್ಲ, ಸಿವಿ 29, ಡಿಕೋಡರ್ ಒಳಗಿನ ಒಂದು ಸೆಟ್ಟಿಂಗ್. ಕರೆಂಟು ಕಡಿದು ಮತ್ತೆ ಬಂದಾಗ ಡಿಕೋಡರಿಗೆ ಡಿಸಿಸಿ ಮಾತು ಸರಿಯಾಗಿ ಕೇಳದಿದ್ದರೆ, ಓಹ್ ಇದು ಹಳೆಯ ಡಿಸಿ ಹಳಿ ಅಂದುಕೊಳ್ಳುತ್ತದೆ. ಡಿಸಿಯಲ್ಲಿ 14 ವೋಲ್ಟ್ ಅಂದರೆ ಫುಲ್ ಸ್ಪೀಡ್ ಅಲ್ವಾ, ಓಡುತ್ತದೆ. ಸಿವಿ 29 ಈಗ 6 ಇದ್ದರೆ 2 ಮಾಡಿ. ನಾಲ್ಕಂಕಿಯ ಅಡ್ರೆಸ್ ಕೊಟ್ಟು 38 ಇದ್ದರೆ 34. 4 ಕಳೆಯುವುದು ಅಷ್ಟೇ, ಡಿಸಿಯಲ್ಲಿ ಓಡುವ ಅನುಮತಿ ಹೋಗುತ್ತದೆ. ಆಮೇಲೆ ಆ ಇಂಜಿನ್ ಮಾವನ ಟ್ರಾನ್ಸ್‌ಫಾರ್ಮರಿನಲ್ಲಿ ಓಡುವುದಿಲ್ಲ, ನೆನಪಿರಲಿ.

ಹೊಸಂಗಡಿ ಹುಡುಗ
ಉಪ್ಪಳದಣ್ಣ, ಹಳಿ ಒರೆಸಲಿಕ್ಕೆ ನೀವು ಎಂತ ಹಾಕುವುದು? ನಾನು ಸ್ಯಾಂಡ್‌ಪೇಪರ್.

ಉಪ್ಪಳ ಎನ್‌ಗೇಜ್
ಅದನ್ನು ಹೊಳೆಗೆ ಎಸೆ. ಅದರ ಗೀರಿನಲ್ಲೇ ಮುಂದಿನ ವಾರದ ಕೊಳೆ ಕೂರುವುದು. ನಾನು ಚಿಮಿಣಿ ಎಣ್ಣೆ. ಹಳೆಯ ಬನಿಯನ್ ತುಂಡಿಗೆ ನಾಲ್ಕು ಹನಿ, ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸುವುದು. ಸ್ಪಿರಿಟ್‌ನಲ್ಲಿ ಒರೆಸಿದರೆ ಬೇಗ ಕಪ್ಪಾಗುತ್ತದೆ ಅಂತ ನನ್ನ ಅನುಭವ. ಕರೆಂಟು ಬಂದ್ ಮಾಡಿ, ಕಿಟಕಿ ತೆರೆದು, ವಾಸನೆ ಹೋದ ಮೇಲೆ ಗಾಡಿ. ಹಳಿ ಹೊಳೆಯುತ್ತದೆ ಅಂತ ಚಕ್ರ ಮರೆಯಬೇಡ, ಕೊಳೆ ಊರೆಲ್ಲ ಹಂಚುವುದು ಚಕ್ರವೇ.

ಮುಳ್ಳೇರಿಯ ಟೀಚರ್
ಇನ್ನು ರೇಡಿಯೋ ವಿಷಯ. ಕರಕರ ಬರುವುದು ಒಳಗಿನ ಗಾಡಿ ಓಡುವಾಗ ಮಾತ್ರ ಅಲ್ವಾ? ಮೋಟಾರಿನ ಕಾರ್ಬನ್ ಬ್ರಷ್ ಕಮ್ಯುಟೇಟರ್ ಮೇಲೆ ಉಜ್ಜುವಾಗ ಸಣ್ಣ ಸಣ್ಣ ಕಿಡಿ ಹಾರುತ್ತದೆ. ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಸ್ಟೇಷನ್. ಹಳಿಯೇ ಅದಕ್ಕೆ ಏರಿಯಲ್. ಅದಕ್ಕಾಗಿ ಮೋಟಾರಿನ ಎರಡು ಕಾಲಿನ ನಡುವೆ ಒಂದು ಸೆರಾಮಿಕ್ ಕೆಪಾಸಿಟರ್ ಇರುತ್ತದೆ, ಬಿಲ್ಲೆಯ ಹಾಗೆ. ಇಂಜಿನ್ ಬಿಚ್ಚಿ ನೋಡಿ, ಉಂಟಾ ಅಂತ.

ಅಟ್ಟದ ಗಾಡಿ (ನೀರ್ಚಾಲು)
ಬಿಚ್ಚಿದೆ. ಕೆಪಾಸಿಟರ್ ಇಲ್ಲ, ಅದರ ಎರಡು ಕಾಲಿನ ಮೋಟು ಮಾತ್ರ ಉಂಟು. ಯಾರೋ ಕತ್ತರಿಸಿದ್ದಾರೆ. ಯಾರೋ ಅಂದರೆ ನಾನೇ ಇರಬೇಕು, ಹತ್ತನೇ ಕ್ಲಾಸಿನಲ್ಲಿ ಇದನ್ನು ಒಮ್ಮೆ "ರಿಪೇರಿ" ಮಾಡಿದ್ದೆ.

ಮುಳ್ಳೇರಿಯ ಟೀಚರ್
ಹಾಗಾದರೆ 104 ಅಂತ ಬರೆದ ಸೆರಾಮಿಕ್ ಕೆಪಾಸಿಟರ್ ತನ್ನಿ, 0.1 ಮೈಕ್ರೋಫ್ಯಾರಡ್. ಕಮ್ಯುಟೇಟರ್‌ನ ಕಪ್ಪು ಮಸಿಯನ್ನೂ ಒರೆಸಿ, ಸಂದಿನಲ್ಲಿ ಕೂತದ್ದನ್ನು ಹಲ್ಲುಕಡ್ಡಿಯಲ್ಲಿ ತೆಗೆಯಿರಿ. ಆದರೆ ಡಿಸಿಸಿ ಇಂಜಿನಿಗೆ ಇದನ್ನು ಹಾಕಲಿಕ್ಕೆ ಹೋಗಬೇಡಿ. ಡಿಕೋಡರ್ ಮೋಟಾರಿಗೆ ಸೆಕೆಂಡಿಗೆ ಸಾವಿರಾರು ಸಲ ಕರೆಂಟು ಬಿಟ್ಟು ನಿಲ್ಲಿಸಿ ಮಾಡುತ್ತದೆ, ನಡುವೆ ಮೋಟಾರ್ ಎಷ್ಟು ವೇಗದಲ್ಲಿ ಉಂಟು ಅಂತ ಅಳೆಯುತ್ತದೆ. ಕೆಪಾಸಿಟರ್ ಆ ಅಳತೆಯನ್ನು ಕೆಡಿಸುತ್ತದೆ.

ಸಿಗ್ನಲ್ ಮಾಮ (ಕಾಸರಗೋಡು)
ಗುಂಯ್ ಸದ್ದಿನ ಬಗ್ಗೆ ಯಾರೂ ಮಾತಾಡಲಿಲ್ಲ. ಪ್ಲೈವುಡ್ ಎಷ್ಟು ದಪ್ಪ? ಹಳಿಯನ್ನು ನೇರ ಅದರ ಮೇಲೇ ಮೊಳೆ ಹೊಡೆದಿದ್ದೀರಾ?

ಅಟ್ಟದ ಗಾಡಿ (ನೀರ್ಚಾಲು)
12 ಮಿಲಿಮೀಟರ್. ಹೌದು ಮಾಮ, ಮೊಳೆ.

ಸಿಗ್ನಲ್ ಮಾಮ (ಕಾಸರಗೋಡು)
ಮತ್ತೆ ಎಂತ! ನೀವು ಮಾಡಿದ್ದು ಲೇಔಟ್ ಅಲ್ಲ, ಚೆಂಡೆ. ಚರ್ಮದ ಬದಲು ಪ್ಲೈವುಡ್, ಕೋಲಿನ ಬದಲು ಚಕ್ರ. ಗಾಡಿಯ ನಡುಕ ಮೊಳೆಯಲ್ಲಿ ಇಳಿದು ಇಡೀ ಹಲಗೆಯನ್ನು ಅಲುಗಿಸುತ್ತದೆ, ಹಲಗೆಯ ಕಾಲು ಅಟ್ಟದ ಹಲಗೆಯನ್ನು, ಅಟ್ಟ ಕೆಳಗಿನ ಚಾವಡಿಯನ್ನು.

ಮೊದಲು ಪರೀಕ್ಷೆ. ಒಂದು ಅಡಿ ಹಳಿಯನ್ನು ಮಡಚಿದ ಟವೆಲ್ ಮೇಲೆ ಇಟ್ಟು ವಯರ್ ಕೊಟ್ಟು ಇಂಜಿನನ್ನು ಆಚೀಚೆ ಓಡಿಸಿ. ಸದ್ದು ಹೋಯಿತೋ, ತಪ್ಪು ಹಲಗೆಯದು. ಆಗಲೂ ಕಿರ್ ಕಿರ್ ಅಂದರೆ ಗೇರ್.

ಅಟ್ಟದ ಗಾಡಿ (ನೀರ್ಚಾಲು)
ಟವೆಲ್ ಮೇಲೆ ಡಿಸಿಸಿ ಇಂಜಿನ್ ಬೆಕ್ಕಿನ ಹಾಗೆ ಹೋಯಿತು, ಸದ್ದೇ ಇಲ್ಲ. ಮಾವನ ಇಂಜಿನ್ ಮಾತ್ರ ಕಿರ್ ಅನ್ನುತ್ತದೆ. ಅದಕ್ಕೆ ಹೋದ ತಿಂಗಳು ತೆಂಗಿನೆಣ್ಣೆ ಹಾಕಿದ್ದೆ.

ಪೆರ್ಲದ ವಯರಿಂಗ್
ತೆಂಗಿನೆಣ್ಣೆ! ತಲೆಗೂ ಅದೇ, ಬಾಳೆಕಾಯಿ ಚಿಪ್ಸಿಗೂ ಅದೇ, ರೈಲಿಗೂ ಅದೇ.

ಉಪ್ಪಳ ಎನ್‌ಗೇಜ್
24 ಡಿಗ್ರಿ ಆಸುಪಾಸಿಗೆ ಇಳಿದರೆ ಅದು ಗಟ್ಟಿ ಆಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿ ನೋಡಿದರೆ ಗೊತ್ತಾಗುತ್ತದಲ್ಲ. ಬೇಸಿಗೆಯಲ್ಲಿ ಧೂಳು ಹಿಡಿದು ಅಂಟು. ಗೇರ್ ಬಿಚ್ಚಿ ಪಾತ್ರೆ ತೊಳೆಯುವ ಸೋಪಿನ ಬೆಚ್ಚಗಿನ ನೀರಿನಲ್ಲಿ ತೊಳೆದು, ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಆಮೇಲೆ ಪ್ಲಾಸ್ಟಿಕ್ ಗೇರಿಗೆ ಆಗುತ್ತದೆ ಅಂತ ಬರೆದ ಗ್ರೀಸ್, ಸಾಸಿವೆ ಕಾಳಿನಷ್ಟು, ವರ್ಮ್ (ಮೋಟಾರಿನ ತಿರುಪಿನಂಥ ಗೇರ್) ಮೇಲೆ. ಜಾಸ್ತಿ ಹಾಕಿದರೆ ಹಾರಿ ಕಮ್ಯುಟೇಟರಿಗೆ ಬಿದ್ದು ಟೀಚರ್ ಹೇಳಿದ ಕಿಡಿ ಮತ್ತೆ ಶುರು.

ಸಿಗ್ನಲ್ ಮಾಮ (ಕಾಸರಗೋಡು)
ಹಲಗೆಗೆ: ಮೊಳೆ ಎಲ್ಲಾ ಕೀಳಿ. ಹಳಿಯ ಅಡಿಗೆ ಕಾರ್ಕ್ ಅಥವಾ ಹಳೆಯ ಯೋಗ ಮ್ಯಾಟ್ ಉದ್ದಕ್ಕೆ ಕತ್ತರಿಸಿ ಹಾಕಿ. ಅಂಟಿಸಲಿಕ್ಕೆ ಬಿಳಿ ಫೆವಿಕಾಲ್ ಬೇಡ, ಒಣಗಿದರೆ ಕಲ್ಲು, ಸದ್ದು ಅದರಲ್ಲೇ ಇಳಿಯುತ್ತದೆ. ಒಣಗಿದ ಮೇಲೂ ಮೆತ್ತಗೆ ಇರುವ ಆಕ್ರಿಲಿಕ್ ಸೀಲೆಂಟ್ ತೆಳ್ಳಗೆ ಬಳಿಯಿರಿ. ಮೇಜಿನ ಕಾಲಿನ ಅಡಿಗೆ ಹಳೆಯ ಸೈಕಲ್ ಟ್ಯೂಬ್ ಮಡಚಿ ಇಡಿ.

ಸುಮ್ನೆ ಒಂದು ಮಾತು. ನೀವು ಅದನ್ನು ನಮ್ಮ ಬ್ರಾಡ್‌ಗೇಜ್ ಅಂತ ಬಣ್ಣ ಹೊಡೆದಿದ್ದೀರಿ ಅಂತ ಕಾಣುತ್ತದೆ. ಎಚ್‌ಓ ಹಳಿ 16.5 ಮಿಲಿಮೀಟರ್, 87 ಪಟ್ಟು ಮಾಡಿದರೆ 1435, ಅದು ಪರದೇಶದ ಸ್ಟ್ಯಾಂಡರ್ಡ್ ಗೇಜ್. ನಮ್ಮ 1676ಕ್ಕೆ 19 ಮಿಲಿಮೀಟರ್ ಮೇಲೆ ಬೇಕು. ಮೊಮ್ಮಗನಿಗೆ ಇದನ್ನು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ಅಟ್ಟದ ಗಾಡಿ (ನೀರ್ಚಾಲು)
ಮೂರು ವಾರ ಆಯ್ತು, ಶಾಲೆಯ ಪರೀಕ್ಷೆ, ಅಡಿಕೆ ಕೊಯ್ಲು, ಪುರುಸೊತ್ತು ಇರಲಿಲ್ಲ. ಈಗ ವರದಿ.

1.5 ಸ್ಕ್ವೇರ್ ಬಸ್ ಎಳೆದೆ, ಹೊರಗಿನ ಲೂಪಿಗೆ ಎಂಟು ಜೊತೆ ಫೀಡರ್. ಎರಡು ಸ್ಲೀಪರ್ ನನ್ನ ಕೈಯಲ್ಲೂ ಕರಗಿದವು. ಬಲ್ಬ್ ಇಟ್ಟರೆ ಪಡುವಣ ಮೂಲೆಯಲ್ಲಿ 14.3. ನಾಣ್ಯದ ಪರೀಕ್ಷೆಯಲ್ಲಿ ಸೈಡಿಂಗ್ ಒಂದರಲ್ಲಿ ಟ್ರಿಪ್ ಆಗಲಿಲ್ಲ, ಪಾಯಿಂಟ್‌ನ ಬ್ಲೇಡ್ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅಲ್ಲಿಗೂ ಒಂದು ಫೀಡರ್ ಕೊಟ್ಟೆ, ಈಗ ಟಪ್. ಸಿವಿ 29 ಎರಡಾಯಿತು, ಭೂತ ಬರಲಿಲ್ಲ. 104 ಹಾಕಿದ ಮೇಲೆ ರೇಡಿಯೋ ಪೂರ್ತಿ ಸ್ವಚ್ಛ ಅಲ್ಲ, ಕಿವಿ ಕೊಟ್ಟರೆ ಸ್ವಲ್ಪ ಕೇಳುತ್ತದೆ, ಆದರೆ ಅಪ್ಪ ಬೊಬ್ಬೆ ಹಾಕುವುದು ನಿಂತಿದೆ. ಯೋಗ ಮ್ಯಾಟ್ ತಂಗಿಯದು, ಅದರ ಜಗಳ ಬೇರೆ.

ಒಂದು ಹೊಸ ವಿಷಯ ಕಂಡೆ. ಸಂಜೆ ತೋಟಕ್ಕೆ ಪಂಪ್ ಹಾಕಿದ ಕೂಡಲೇ ಒಳಗಿನ ಗಾಡಿ ನಿಧಾನ ಆಗುತ್ತದೆ, ಹೊರಗಿನದಕ್ಕೆ ಏನೂ ಆಗುವುದಿಲ್ಲ. ಇದು ಎಂತ?

ಪೆರ್ಲದ ವಯರಿಂಗ್
ಪಂಪ್ ಓಡುವಾಗ ಮನೆಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಮಾವನ ಟ್ರಾನ್ಸ್‌ಫಾರ್ಮರ್ ಸೀದಾ ಮನುಷ್ಯ, 230 ಬಂದರೆ 12 ಕೊಡುತ್ತದೆ, 180 ಬಂದರೆ 9.4 ಕೊಡುತ್ತದೆ. ಬೂಸ್ಟರಿನ ಅಡಾಪ್ಟರ್ ಮೇಲೆ 100ರಿಂದ 240 ಅಂತ ಬರೆದಿರಬೇಕು ನೋಡಿ, ಅದು ಒಳಗೇ ಸರಿ ಮಾಡಿಕೊಳ್ಳುತ್ತದೆ. ಹಾಗಂತ ಆ ಟ್ರಾನ್ಸ್‌ಫಾರ್ಮರ್ ಬಿಚ್ಚಲಿಕ್ಕೆ ಹೋಗಬೇಡಿ, ಅದರ ಒಂದು ಬದಿಯಲ್ಲಿ 230 ಉಂಟು. ಮತ್ತೆ ತುಲಾ ತಿಂಗಳಲ್ಲಿ ಸಿಡಿಲು ಶುರುವಾದರೆ ಎರಡರ ಪ್ಲಗ್ಗೂ ಕಿತ್ತಿಡಿ. ಸ್ವಿಚ್ ಆಫ್ ಸಾಕಾಗುವುದಿಲ್ಲ.

ಅಟ್ಟದ ಗಾಡಿ (ನೀರ್ಚಾಲು)
ಹೌದು, 100ರಿಂದ 240 ಅಂತಲೇ ಉಂಟು. ಹಾಗಾದರೆ ಟ್ರಾನ್ಸ್‌ಫಾರ್ಮರ್ ಹಾಗೇ ಇರಲಿ. ಪಂಪ್‌ಶೆಡ್ ಮನೆಯಿಂದ ದೂರ, ಸ್ಟಾರ್ಟ್ ಆಯ್ತಾ ಇಲ್ವಾ ಅಂತ ಇಲ್ಲಿಗೆ ಕೇಳುವುದಿಲ್ಲ. ನಿನ್ನೆಯಿಂದ ಅಪ್ಪ ಅಲ್ಲಿಂದ ಫೋನ್ ಮಾಡಿ ಕೇಳುತ್ತಾರೆ, "ಗಾಡಿ ನಿಧಾನ ಆಯ್ತನಾ?"